ನಮ್ಮನೆಯವರ ಸೇಡಿನ ಸಿನಿಮಾಗಳು

ಸಿನಿಮಾ ಹುಚ್ಚಿನ ಗಂಡನನ್ನು ಕಟ್ಟಿಕೊಂಡವಳು ನಗಲಿಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿಯೇ ಮನೆಬಾಗಿಲಿಗೆ ಬರುತ್ತದೆ. ಅದರಲ್ಲೂ ನಮ್ಮನೆಯವರದು ಸಾದಾ ಹುಚ್ಚಲ್ಲ. ಕೌಟುಂಬಿಕ ಚಿತ್ರ ಬೇಡ, ಪ್ರೇಮಕಥೆ ಬೇಡ, ಪ್ರಶಸ್ತಿ ಬಂದದ್ದಂತೂ ಬೇಡವೇ ಬೇಡ. ಕಡಿಮೆ ಖರ್ಚಿನಲ್ಲಿ ತೆಗೆದ ಸೇಡಿನ ಚಿತ್ರವೇ ಆಗಬೇಕು. ಶುರುವಾಗುತ್ತಲೇ ಅಪ್ಪ ಸಾಯಬೇಕು, ಮಗ ಓಡುತ್ತ ಓಡುತ್ತಲೇ ದೊಡ್ಡವನಾಗಬೇಕು, ಕೊನೆಗೆ ಖಾಲಿ ಡ್ರಮ್ಮುಗಳಿರುವ ಗೋದಾಮಿನಲ್ಲಿ ಎಲ್ಲರೂ ಸೇರಬೇಕು. ಇಷ್ಟಿದ್ದರೆ ಅವರಿಗೆ ಹೊಟ್ಟೆ ತುಂಬಿತು.

ನೋಡಲಿಕ್ಕೆ ಅವರೂ ಅಂಥ ಚಿತ್ರದಿಂದಲೇ ಇಳಿದು ಬಂದವರ ಹಾಗಿದ್ದರು. ಆರಡಿ ಎತ್ತರ, ಗಿರಿಜಾ ಮೀಸೆ, ಕೆಂಗಣ್ಣು. ಆದರೆ ಮಾಡುತ್ತಿದ್ದುದು ಉಪ್ಪಿನಬೆಟಗೇರಿಯ ಶಾಲೆಯಲ್ಲಿ ಕನ್ನಡ ಮಾಸ್ತರಿಕೆ, ಸ್ವಭಾವ ಬೆಣ್ಣೆ. ಧಾರವಾಡದ ಸಪ್ತಾಪುರದಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಇಲಿ ಬಂದರೆ ಕಸಬರಿಗೆ ಹಿಡಿಯುವವಳು ನಾನು. ಅವರು ಪಕ್ಕಕ್ಕೆ ಸರಿದು ಇಲಿಗೆ ದಾರಿ ಬಿಡುತ್ತಿದ್ದರು. ಶಾಲೆಯ ಹುಡುಗರು ಅವರಿಗೆ ಒಂದು ದಿನವೂ ಹೆದರಿದ್ದಿಲ್ಲ. ಅದೊಂದೇ ಅವರ ಕೊರಗು. “ಒಮ್ಮೆರ ನನ್ನ ದನಿ ಕೇಳಿ ಹುಡುಗ್ರು ಗಪ್ ಕೂಡಬೇಕು ನೋಡು” ಅನ್ನುತ್ತಿದ್ದರು. ಅದನ್ನೂ ಮೆಲ್ಲಗೇ ಅನ್ನುತ್ತಿದ್ದರು.

೧. ಕತಿ ಇಲ್ಲ, ತ್ರಾಸಿಲ್ಲ

ತೊಂಬತ್ತರ ದಶಕದಲ್ಲಿ ನಮ್ಮ ರವಿವಾರವೆಂದರೆ ಧಾರವಾಡದಲ್ಲಿ ಬಸ್ಸು ಹತ್ತುವುದು, ಹುಬ್ಬಳ್ಳಿಯಲ್ಲಿ ಇಳಿದು ಟಾಕೀಜಿನ ಮುಂದೆ ಪಾಳಿ ಹಚ್ಚುವುದು. ಒಮ್ಮೆ ನನಗೆ ತಲೆ ಕೆಟ್ಟು ಕೇಳಿಯೇಬಿಟ್ಟೆ: “ಏನ ಛಲೋ ಐತಿ ಅಂತ ಬರ್ತೀರಿ ಇದಕ್ಕ?”

“ನೋಡು, ಹೊಲದ ಬದುವಿನ ಸಲುವಾಗಿ ನಮ್ಮಪ್ಪ ಹಾಕಿದ ಕೇಸು ಇನ್ನೂ ಕೋರ್ಟಿನ್ಯಾಗೈತಿ. ಇಲ್ಲಿ ಎರಡೂವರಿ ತಾಸಿನ್ಯಾಗ ತೀರ್ಪೂ ಆಗತೈತಿ, ಜಾರೀನೂ ಆಗತೈತಿ. ವಕೀಲರ ಮನಿಗೆ ಅಡ್ಡಾಡೂದಿಲ್ಲ.”

ಅಷ್ಟರಲ್ಲಿ ಮೊದಲ ಆಟ ಬಿಟ್ಟಿತು. ಹೊರಬರುತ್ತಿದ್ದ ಹಮಾಲನೊಬ್ಬನನ್ನು ನಮ್ಮನೆಯವರು ನಿಲ್ಲಿಸಿ, “ಹೆಂಗೈತ್ರಿ ಪಿಕ್ಚರ್?” ಎಂದರು.

ಅವನು ಹೆಗಲಿನ ಟವೆಲ್ಲು ಝಾಡಿಸಿ ಹೇಳಿದ: “ಬೆಸ್ಟ್ ಐತ್ರಿ. ಕತಿ ಇಲ್ಲ, ತ್ರಾಸಿಲ್ಲ.”

೨. ಬದಲಾದ ಅಪ್ಪ

ಇನ್ನೊಂದು ಚಿತ್ರ. ಅಪ್ಪ ಶುರುವಿನಲ್ಲೇ ಸತ್ತ. ಮಗ ದೊಡ್ಡವನಾಗಿ, ಗೋಡೆಯ ಮೇಲಿನ ಅಪ್ಪನ ಫೋಟೋಕ್ಕೆ ಹಾರ ಹಾಕಿ, “ನಿನ್ನ ಕೊಂದವರನ್ನು ಬಿಡೋದಿಲ್ಲ ಅಪ್ಪಾ” ಎಂದು ಗುಡುಗಿದ. ಸತ್ತವನಿಗೆ ಬೋಳುತಲೆ, ಮೊಂಡು ಮೂಗು. ಫೋಟೋದಲ್ಲಿದ್ದವನಿಗೆ ತಲೆತುಂಬ ಗುಂಗುರು ಕೂದಲು, ಗಿಣಿಮೂಗು. ಅಂಗಡಿಯಲ್ಲಿ ಸಿಕ್ಕ ಯಾವುದೋ ಫೋಟೋ ತಂದು ತೂಗುಹಾಕಿದ್ದರೆಂದು ಕಾಣುತ್ತದೆ.

“ಏ, ಇಂವಾ ಬ್ಯಾರೆ ಅಪ್ಪ ಅದಾನಲೇ!” ಎಂದು ಮುಂದಿನ ಸಾಲಿನಿಂದ ಒಬ್ಬ ಕೂಗಿದ.

“ಹಂಗಾರ ಸೇಡು ಯಾರದು ತೀರಸಾಕತ್ತಾನ?” ಎಂದು ಇನ್ನೊಬ್ಬ.

ನಮ್ಮನೆಯವರಿಗೆ ತಡೆಯಲಾಗಲಿಲ್ಲ. ತಮ್ಮ ಚಿತ್ರಕ್ಕೆ ಯಾರಾದರೂ ಕೊಂಕು ನುಡಿದರೆ ಅವರಿಗೆ ಸ್ವಂತ ಮಗಳನ್ನು ಆಡಿಕೊಂಡಷ್ಟು ಸಂಕಟ. “ಸ್ವಲ್ಪ ಸುಮ್ನ ಕೂಡ್ರಿ. ಲಗ್ನದಾಗ ತೆಗಸಿದ ಫೋಟೋ ಇರಬೇಕದು” ಎಂದರು.

ಹಿಂದಿನಿಂದ ಒಂದು ದನಿ ಬಂತು: “ಲಗ್ನಾದ ಮ್ಯಾಲೆ ಮನಶ್ಯಾ ಅಷ್ಟ ಬದಲಾಗ್ತಾನೇನ್ರಿ ಸರ?”

ನಮ್ಮನೆಯವರು ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಆಗ್ತಾನ್ರಿ” ಎಂದರು.

೩. ಹಾಲಿನವನ ಮೇಲೆ ಸೇಡು

ನಮ್ಮ ಹಾಲಿನವನು ಹಾಲಿಗೆ ನೀರು ಹಾಕುತ್ತಿದ್ದ ಎಂದರೆ ತಪ್ಪಾಗುತ್ತದೆ. ನೀರಿಗೆ ಹಾಲು ಹಾಕುತ್ತಿದ್ದ. ಒಂದು ರವಿವಾರ ಭಾರೀ ಹೊಡೆದಾಟದ ಚಿತ್ರ ನೋಡಿ ಬಂದ ಹುಮ್ಮಸ್ಸಿನಲ್ಲಿ ಇವರು, “ನಾಳೆ ಅವನ ಕಥಿ ಮುಗಸ್ತೇನಿ” ಎಂದರು. ಬೆಳಿಗ್ಗೆ ಬಾಗಿಲಲ್ಲಿ ಕೈಕಟ್ಟಿ ನಿಂತು, ಹೀರೋನಂತೆ ಕಣ್ಣು ಕೆಂಪಗೆ ಮಾಡಿ ಅವನನ್ನೇ ದುರುಗುಟ್ಟಿ ನೋಡಿದರು. ನಾನು ಒಲೆಯ ಮುಂದೆ ಕಿವಿ ನಿಮಿರಿಸಿ ನಿಂತೆ.

“ಯಾಕ್ರಿ ಸರ, ಕಣ್ಣ ಬ್ಯಾನಿ ಬಂದಾವೇನು?” ಎಂದ ಹಾಲಿನವನು.

“ಹೂಂನ್ರಿ, ಸ್ವಲ್ಪ ಉರಿತಾವ” ಎಂದರು ಇವರು.

“ಹಸಿ ಹಾಲಾಗ ಹತ್ತಿ ಎದ್ದಿ ಇಟಗೋರ್ರಿ, ತಂಪ ಆಗತೈತಿ.”

ಸೇಡು ತೀರಿಸಲು ಹೋದವರು ಅರ್ಧ ಲೀಟರು ಹೆಚ್ಚಿಗೆ ಹಾಲು ಹಾಕಿಸಿಕೊಂಡು ಒಳಗೆ ಬಂದರು. “ಪಾಪ, ಭಾಳ ಕಾಳಜಿ ಮಾಡಿದ” ಎಂದು ಹೊಗಳಿದ್ದೂ ಆಯಿತು. ಹತ್ತಿ ಅದ್ದಿ ಕಣ್ಣಿಗಿಟ್ಟೆ. ನಿಜವಾಗಿಯೂ ತಂಪಾಯಿತು. ಅಷ್ಟು ನೀರಿದ್ದ ಮೇಲೆ ಆಗದೆ ಏನು?

೪. ‘ರಿ’ ತೆಗೀರಿ

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆ ರಜೆಯಲ್ಲಿ, ಹುಬ್ಬಳ್ಳಿ ಹತ್ತಿರದ ಗಬ್ಬೂರಿನ ಒಂದು ಖಾಲಿ ಗೋದಾಮಿಗೆ ಬೆಂಗಳೂರಿನಿಂದ ಶೂಟಿಂಗಿನವರು ಬಂದರು. ಸೇಡಿನದೇ ಚಿತ್ರ. ನಮ್ಮನೆಯವರು ನೋಡಲಿಕ್ಕೆ ಹೋದರು. ಡೈರೆಕ್ಟರು ಇವರ ಮೀಸೆ ನೋಡಿ ಕೈ ಹಿಡಿದುಕೊಂಡರು. ಖಳನಾಯಕನ ಬಂಟನ ಪಾತ್ರ, ಅದಕ್ಕೊಂದು ಮಾತು: “ನಿನ್ನ ರಕ್ತದಲ್ಲಿ ಕೈ ತೊಳೀತೀನಿ ಕಣೋ!”

ಇವರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. “ಟಾಕೀಜಿನ ತುಂಬ ನನ್ನ ದನಿ ಕೇಳತೈತಿ. ಈಗ ನೋಡು ಹುಡುಗ್ರು ಹೆಂಗ ಅಂಜತಾವ” ಎಂದು ಇಡೀ ರಾತ್ರಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದರು. ಮರುದಿನ ಬುತ್ತಿ ಕಟ್ಟಿಕೊಂಡು ನಾನೂ ಹೋದೆ.

ಹೀರೋ ಕಾಲೇಜು ಹುಡುಗನಂತೆ. ನೋಡಿದರೆ ಕಾಲೇಜಿಗೆ ಮೊಮ್ಮಗನನ್ನು ಬಿಡಲು ಬಂದವರಂತಿದ್ದರು. ಕ್ಯಾಮೆರಾ ಶುರುವಾಯಿತು. ಇವರು ಮಚ್ಚು ಎತ್ತಿ ಹೀರೋನ ಎದುರು ನಿಂತು, ಕಣ್ಣು ಕೆಕ್ಕರಿಸಿ ಗರ್ಜಿಸಿದರು: “ನಿಮ್ಮ ರಕ್ತದಾಗ ಕೈ ತೊಳಕೋತೇನ್ರಿ!”

“ಕಟ್!” ಡೈರೆಕ್ಟರು ತಲೆಗೆ ಕೈಹಚ್ಚಿದರು. “ಏನ್ರೀ ಮೇಷ್ಟ್ರೇ, ಊಟಕ್ಕೆ ಬಂದಿರೋ ನೆಂಟರ ಥರ ಹೇಳ್ತೀರಲ್ಲ! ಮೊದಲು ಆ ‘ರಿ’ ತೆಗೀರಿ.”

“ತೆಗಿತೇನ್ರಿ” ಎಂದರು ಇವರು.

ಎಲ್ಲಿ ತೆಗೆಯುತ್ತಾರೆ? ಒಮ್ಮೆ ‘ರಿ’ ಹೋದರೆ ‘ನಿಮ್ಮ’ ಉಳಿಯುತ್ತಿತ್ತು. ‘ನಿಮ್ಮ’ ಹೋದರೆ ‘ರಿ’ ಮರಳಿ ಬರುತ್ತಿತ್ತು. ‘ಕಣೋ’ ಅಂತೂ ಬಾಯಿಗೇ ಬರಲೊಲ್ಲದು. ಕೊನೆಗೆ ಡೈರೆಕ್ಟರು, “ನಿಮಗೇನ್ರೀ ಕಷ್ಟ?” ಎಂದು ಬೇಡಿಕೊಂಡರು.

“ನೋಡ್ರಿ, ಅವರು ವಯಸ್ಸಿನ್ಯಾಗ ಹಿರ್ಯಾರು. ಇವತ್ತ ಮೊದಲನೇ ಭೆಟ್ಟಿ. ಒಮ್ಮಿಗೇ ಏಕವಚನ ಹೆಂಗ ಹಚ್ಚೂದ್ರಿ?”

‘ಹಿರಿಯರು’ ಎಂದದ್ದಕ್ಕೆ ಕಾಲೇಜು ಹುಡುಗ ಸಿಟ್ಟಾಗಿ, ವಿಗ್ಗು ಬಿಚ್ಚಿಟ್ಟು ಚಹಾಕ್ಕೆ ಹೋಗಿಬಿಟ್ಟ.

೫. ಮಾಸ್ತರರ ದನಿ

ಚಿತ್ರ ಬಿಡುಗಡೆಯಾದ ಮೇಲಿನ ಮೊದಲ ರವಿವಾರ ಉಪ್ಪಿನಬೆಟಗೇರಿಯಿಂದ ಒಂದು ಟೆಂಪೋ ತುಂಬ ಜನ ಹುಬ್ಬಳ್ಳಿಗೆ ಬಂದಿಳಿದರು. ಅರ್ಧಕ್ಕರ್ಧ ಶಾಲೆಯ ಹುಡುಗರು. ಇವರು ಇಸ್ತ್ರಿಯ ಅಂಗಿ ಹಾಕಿಕೊಂಡು ನಡುವೆ ಕುಳಿತರು, ಪಕ್ಕದಲ್ಲಿ ನಾನು.

ಮೊದಲ ಹೊಡೆದಾಟದಲ್ಲೇ ಇವರು ಸತ್ತರು. ಊರಿನ ಅಜ್ಜಿಯೊಬ್ಬಳು ಸೆರಗು ಬಾಯಿಗೊತ್ತಿಕೊಂಡು, “ಅಯ್ಯ ಶಿವನ, ಮಾಸ್ತರು ಹ್ವಾದ್ರಲ್ಲೋ!” ಎಂದಳು. ಜೀವಂತ ಮಾಸ್ತರು ಅವಳ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಚಿತ್ರದವರ ಹತ್ತಿರ ಇದ್ದುದೇ ನಾಲ್ಕು ಜನ ಬಂಟರು. ಅಂಗಿ ಬದಲಿಸಿ ಅವರನ್ನೇ ಮತ್ತೆ ಮತ್ತೆ ಕೊಲ್ಲುತ್ತಿದ್ದರು. “ಅಳಬ್ಯಾಡ್ರಿ ಅಜ್ಜಿ, ಇನ್ನೂ ಎರಡ ಸಲ ಸಾಯೂದೈತಿ” ಎಂದು ನಾನು ಸಮಾಧಾನ ಹೇಳಿದೆ.

ಕೊನೆಗೆ ಆ ದೃಶ್ಯ ಬಂತು. ಪರದೆಯ ತುಂಬ ಇವರ ಮೀಸೆ. ಇವರು ನನ್ನ ಕೈ ಗಟ್ಟಿಯಾಗಿ ಹಿಡಿದರು. ಪರದೆಯಲ್ಲಿ ಬಾಯಿ ತೆರೆಯಿತು. ಹೊರಬಂದದ್ದು ಬೆಂಗಳೂರಿನ ಯಾರದೋ ಕೀರಲು ದನಿ: “ನಿನ್ನ ರಕ್ತದಲ್ಲಿ ಕೈ ತೊಳೀತೀನಿ ಕಣೋ!”

ಇವರಿಗೆ ಒಂದು ಮಾತೂ ಹೇಳದೆ ದನಿಯನ್ನೇ ಬದಲಿಸಿಬಿಟ್ಟಿದ್ದರು. ಹುಡುಗರು ಕಿಸಕ್ಕನೆ ನಕ್ಕರು. “ಇದು ನಮ್ಮ ಸರ್ ದನಿ ಅಲ್ಲಲೇ” ಎಂದ ಒಬ್ಬ. ನನ್ನ ಕೈ ಹಿಡಿದ ಹಿಡಿತ ಸಡಿಲವಾಯಿತು. ಇಲಿಗೂ ದಾರಿ ಬಿಡುವ ಮನುಷ್ಯ, ಜೀವನದಲ್ಲಿ ಆಸೆಪಟ್ಟದ್ದು ಇದೊಂದೇ.

ಆಗ ಇವರು ಎದ್ದು ನಿಂತರು. ಹಿಂದಿನ ಬೆಂಚಿಗೂ ಕೇಳಲೆಂದು ಪಾಠ ಹೇಳುವಾಗಿನ ಅದೇ ದನಿ, ಆದರೆ ಅಷ್ಟು ಗಟ್ಟಿಯಾಗಿ ನಾನು ಎಂದೂ ಕೇಳಿರಲಿಲ್ಲ: “ಅದು ನನ್ನ ದನಿ ಅಲ್ರಿ! ನಾ ಹೇಳಿದ್ದು ಹಿಂಗ ಐತಿ. ನಿಮ್ಮ ರಕ್ತದಾಗ ಕೈ ತೊಳಕೋತೇನ್ರಿ!”

ಟಾಕೀಜು ಗಪ್ಪಾಯಿತು. ಸರಿಯಾಗಿ ಅದೇ ಹೊತ್ತಿಗೆ ಪರದೆಯ ಮೇಲೆ ಹೀರೋ ಎರಡು ಹೆಜ್ಜೆ ಹಿಂದೆ ಸರಿದ. ಒದೆಯಲಿಕ್ಕೆಂದು ಸರಿದದ್ದು ಅದು. ಆದರೆ ಮುಂದಿನ ಸಾಲಿನಿಂದ ಒಬ್ಬ ಕೂಗಿದ: “ಹೀರೋ ಅಂಜಿದಲೇ!” ಸೀಟಿ, ಚಪ್ಪಾಳೆ, ಕುರ್ಚಿ ಬಡಿಯುವ ಸದ್ದು. ಇವರು ಆ ಗದ್ದಲದಲ್ಲಿ ಎಲ್ಲರಿಗೂ ಕೈಮುಗಿದು ಕುಳಿತರು.

ಮರುದಿನ ಮೀಸೆ ತಿರುವಿಕೊಂಡು ಶಾಲೆಗೆ ಹೋದರು. ಸಂಜೆ ಬಂದವರ ಗಂಟಲು ಬಿದ್ದಿತ್ತು.

“ಹುಡುಗ್ರು ಅಂಜಿದ್ವೇನ್ರಿ?” ಎಂದು ಕೇಳಿದೆ.

“ಎಲ್ಲಿ ಅಂಜತಾವ! ನಾ ಒಳಗ ಕಾಲಿಡೂದ ತಡ, ಎಲ್ಲಾ ಎದ್ದ ನಿಂತು ‘ಒನ್ಸ್ ಮೋರ್ ರೀ ಸರ’ ಅಂದ್ವು.”

“ನೀವೇನ ಮಾಡಿದ್ರಿ ಮತ್ತ?”

“ಪಾಪ, ಅಷ್ಟ ಆಸೆದಿಂದ ಕೇಳಾಕತ್ತಿದ್ವು, ಹೇಳಿದೆ. ಆಮ್ಯಾಲೆ ಬಾಜೂ ವರ್ಗದವು ಬಂದ್ವು, ಅವಕ್ಕೂ ಹೇಳಿದೆ.” ಬಿಸಿನೀರು ಒಂದು ಗುಟುಕು ಕುಡಿದು, ನಾಚಿಕೊಂಡು ಸೇರಿಸಿದರು: “ಕಡೀಕ ಹೆಡ್‌ಮಾಸ್ತರು ಬಂದ್ರು. ಅವರಿಗೆ ಕುರ್ಚಿ ಹಾಕಿ ಕುಂಡ್ರಿಸಿ ಹೇಳಿದೆ.”