ನಾಲ್ಕು ಅಡಿ ನೀರು, ಶೇಕಡಾ ಎಂಬತ್ತು ಕುರುಡು

ಹನ್ನೆರಡನೇ ಉಪಕಾಲುವೆಯ ಕೊನೆಯ ತುದಿಯಲ್ಲಿ ಹನ್ನೊಂದು ವರ್ಷಗಳಿಂದ ನಾಲ್ಕು ಅಡಿ ನೀರು ಹರಿಯುತ್ತಿದೆ. ಇದು ರಿಜಿಸ್ಟರಿನಲ್ಲಿರುವ ಮಾತು, ಆದ್ದರಿಂದ ಸತ್ಯ. ಹುಣಸಗಿಗೂ ಶಹಾಪುರಕ್ಕೂ ನಡುವೆ ಇರುವ ನಮ್ಮ ಉಪವಿಭಾಗದ ಹೆಸರನ್ನು ಮಾತ್ರ ಹೇಳುವಂತಿಲ್ಲ. ಹೇಳಬಾರದೆಂದು ಒಂದು ಸುತ್ತೋಲೆ ಇದೆ. ಆ ಸುತ್ತೋಲೆಯನ್ನು ಯಾರಿಗೂ ತೋರಿಸಬಾರದೆಂದು ಇನ್ನೊಂದು ಇದೆ.

ಕಾಲುವೆಯ ಗೋಡೆಯ ಮೇಲೆ ಅಡಿ, ಇಂಚು ಗುರುತು ಹಾಕಿದ ಪಟ್ಟಿಗೆ ಗೇಜ್ ಎನ್ನುತ್ತಾರೆ. ದಿನಾ ಬೆಳಗ್ಗೆ ಅದನ್ನು ನೋಡಿ ನೀರಿನ ಮಟ್ಟ ಬರೆಯುವುದು ಗೇಜ್ ರೀಡರ್ ಅಂಬ್ರಪ್ಪನ ಕೆಲಸ. ಅಂಬ್ರಪ್ಪ ಮನೆಯಲ್ಲೇ ಕುಳಿತು ಚಹಾ ಕುಡಿಯುತ್ತ, ಒಂದನೇ ತಾರೀಖಿಗೇ ಇಡೀ ತಿಂಗಳಿನ ಮಟ್ಟ ಬರೆದು ಮುಗಿಸುತ್ತಿದ್ದ. ಸಮಯಪಾಲನೆಯಲ್ಲಿ ಅವನನ್ನು ಮೀರಿಸುವವರು ಇಲಾಖೆಯಲ್ಲಿ ಇರಲಿಲ್ಲ.

ಆ ವರ್ಷ ವೇತನ ಆಯೋಗ ಸಂಬಳ ಏರಿಸಿತು. ಹಿಂದೆಯೇ ಆದಾಯ ತೆರಿಗೆ ಬಂತು. ಅಂಬ್ರಪ್ಪನ ಸಂಬಳದಲ್ಲಿ ಎಂಟು ಸಾವಿರದ ಎಂಟುನೂರ ನಲವತ್ತು ರೂಪಾಯಿ ಮುರಿದುಕೊಂಡರು. ಶಹಾಪುರ ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ದೇವಿಂದ್ರ ಎಂಬವನು, ಕಟ್ಟಿದ ತೆರಿಗೆಯನ್ನು ವಾಪಸ್ ತರಿಸುತ್ತಾನೆ, ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು ಇಟ್ಟುಕೊಳ್ಳುತ್ತಾನೆ ಎಂದು ಕೇಳಿ ಅಂಬ್ರಪ್ಪ ಅಲ್ಲಿಗೆ ಹೋದ.

“ಎಲ್ಐಸಿ ಅದ ಏನ್ರಿ?” ಎಂದ ದೇವಿಂದ್ರ.

“ಇಲ್ಲ.”

“ಮನಿ ಸಾಲ? ಮಕ್ಕಳ ಸಾಲಿ ಫೀಸು?”

“ಮನಿ ಅಪ್ಪ ಕಟ್ಟಿಸಿದ್ದು. ಸಾಲಿ ಸರ್ಕಾರಿದು.”

ದೇವಿಂದ್ರನಿಗೆ ಬೇಸರವಾಯಿತು. ಇಂಥ ಶುದ್ಧ ಮನುಷ್ಯನಿಗೆ ಸರ್ಕಾರವಾದರೂ ಹೇಗೆ ನೆರವಾದೀತು?

“ಚಷ್ಮಾ ಯಾಕ ಹಾಕೀರಿ?”

“ಪೇಪರ್ ಓದಾಕ. ಸಣ್ಣ ಅಕ್ಷರ ಮಬ್ಬ ಕಾಣತಾವ.”

“ಮೊದಲೇ ಹೇಳಬಾರದೇನ್ರಿ! ಕಣ್ಣಿಲ್ಲಂದ್ರ ಟ್ಯಾಕ್ಸ್ ಲೆಕ್ಕದಾಗ ಸವ್ವಾ ಲಕ್ಷ ಕಡಿತ ಅದ.”

“ಕಣ್ಣು ಅದಾವಲ್ಲೋ ತಮ್ಮ.”

“ಎಷ್ಟ ಪರ್ಸೆಂಟ್ ಅದಾವು ಅಂತ ನಿಮಗೇನ ಗೊತ್ತು? ಎಂಬತ್ತರ ಮ್ಯಾಲ ಕಾಣಂಗಿಲ್ಲ ಅಂತ ಒಂದ ಟಿಕ್ ಹೊಡದ್ರ ಮುಗೀತು.”

ದೇವಿಂದ್ರ ಟಿಕ್ ಹೊಡೆದದ್ದನ್ನು ಅಂಬ್ರಪ್ಪ ಕಣ್ಣಾರೆ ನೋಡಿದ. ಎರಡು ತಿಂಗಳಲ್ಲಿ ಪೂರ್ತಿ ಹಣ ಬ್ಯಾಂಕಿಗೆ ಬಂತು.

ಹಿಂಗಾರಿ ಬೆಳೆಯ ಕಾಲಕ್ಕೆ ಕಚೇರಿಗೆ ಒಂದೇ ದಿನ ಎರಡು ಕಾಗದ ಬಂದವು. ಒಂದು ತೆರಿಗೆಯವರದು: ನಿಮ್ಮ ನೌಕರ ಅಂಬ್ರಪ್ಪ ದೃಷ್ಟಿಹೀನರೇ? ಹೌದಾದರೆ ಏನು ಕೆಲಸ ಮಾಡುತ್ತಾರೆ? ಇನ್ನೊಂದನ್ನು ಕೊಂಕಲ್ ಕಡೆಯ ಕರೆಮ್ಮ ತಾನೇ ಹಿಡಿದು ತಂದಿದ್ದಳು. ಕಾಲುವೆಯ ಕೊನೆಯಲ್ಲಿ ಅವಳ ಎರಡೆಕರೆ ಶೇಂಗಾ ಹೂವಿಗೆ ಬಂದಿತ್ತು.

“ಸಾಹೇಬ್ರ, ಒಂದ ನೀರು ಬಿಡ್ರಿ. ಎಂಟು ದಿನದಾಗ ಒಂದ ನೀರು ಬಿದ್ರ ಕಾಯಿ ಕಟ್ಟತಾದ, ಇಲ್ಲಂದ್ರ ಇಲ್ಲ. ನಿಮ್ಮ ಬುಕ್ಕಿನಾಗ ನಾಕು ಫೂಟ್ ಅದ ಅಂತಾರ. ನಮ್ಮ ಕಾಲುವ್ಯಾಗ ಕುರಿ ಮಲಗ್ಯಾವು.”

ಉಪವಿಭಾಗದ ಇಂಜಿನಿಯರ್ ಬಸವಂತ್ರಾಯರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದಿದರು. ಅಂಬ್ರಪ್ಪನಿಗೆ ಕಣ್ಣಿದ್ದರೆ ತೆರಿಗೆಯಲ್ಲೂ ಮೋಸ, ರಿಜಿಸ್ಟರಿನಲ್ಲೂ ಮೋಸ. ಇಲ್ಲದಿದ್ದರೆ ಎರಡರಲ್ಲೂ ನಿರಪರಾಧಿ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಹಿರಿಯರು ಹೇಳಿದ್ದಾರಲ್ಲ. ಅಂಬ್ರಪ್ಪನನ್ನು ಕರೆಸಿದರು.

“ಖರೇ ಹೇಳು ಅಂಬ್ರಪ್ಪ. ನಿನಗ ಕಣ್ಣು ಕಾಣತಾವೇನು?”

ಅಂಬ್ರಪ್ಪ ಸಾಹೇಬರ ಮುಖ ನೋಡಿದ. ಉತ್ತರ ಅಲ್ಲೇ ಬರೆದಿತ್ತು.

“ಇಲ್ರಿ ಸಾಹೇಬ್ರ.”

“ಮತ್ತ ನಾಕು ಫೂಟ್ ಹೆಂಗ ಬರದಿ?”

“ಸಪ್ಪಳ ಕೇಳಿ ಬರದೀನ್ರಿ.”

“ನೀರ ಇಲ್ಲಂದಮ್ಯಾಲ ಸಪ್ಪಳ ಎಲ್ಲಿಂದಪಾ?” ಎಂದಳು ಕರೆಮ್ಮ.

“ಏನಮ್ಮ, ಕಣ್ಣಿಲ್ಲದಾಂವನ ಕಿವಿ ಮ್ಯಾಲೂ ಸಂಶಯ ಪಡತೀರೇನು?” ಎಂದು ಬಸವಂತ್ರಾಯರು ನೊಂದುಕೊಂಡರು.

ಸಂಜೆಯೇ ಆದೇಶ ಹೊರಬಿತ್ತು: “ಸದರಿ ನೌಕರರು ದೃಷ್ಟಿಹೀನರಾಗಿರುವುದರಿಂದ, ಕಾಲುವೆಯಲ್ಲಿ ನೀರಿಲ್ಲದಿರುವುದು ಅವರಿಗೆ ಕಾಣದಿರುವುದು ಕರ್ತವ್ಯಲೋಪವಾಗುವುದಿಲ್ಲ. ಕಂಡಿದ್ದಲ್ಲಿ ಮಾತ್ರ ಇಲಾಖಾ ವಿಚಾರಣೆಗೆ ಗುರಿಯಾಗುತ್ತಿದ್ದರು.”

ಆದೇಶ ಟೈಪು ಮಾಡಿದ ಗುಮಾಸ್ತೆ ಹಣಮಂತಮ್ಮನಿಗೆ ಒಂದು ಅನುಮಾನ ಬಂತು. “ಸಾಹೇಬ್ರ, ರಿಜಿಸ್ಟರಿನಾಗ ಪ್ರತಿ ತಿಂಗಳ ‘ಖುದ್ದು ನೋಡಿ ಖಚಿತಪಡಿಸಿದೆ’ ಅಂತ ನಿಮ್ಮ ಸಹಿ ಅದಲ್ರಿ.”

ಬಸವಂತ್ರಾಯರು ತಮ್ಮ ಚಷ್ಮಾ ತೆಗೆದು ಮೇಜಿನ ಮೇಲಿಟ್ಟು, “ಆ ದೇವಿಂದ್ರನ ನಂಬರ್ ಕೊಡ್ರಿ” ಎಂದರು.

ಸಹಿ ಮಾಡಿದವರು, ಸಹಿ ನೋಡಿದವರು, ಸಹಿಯ ಮೇಲೆ ಸೀಲು ಹೊಡೆದವರು ಎಲ್ಲರೂ ತೆರಿಗೆ ಅರ್ಜಿ ತಿದ್ದಿ ಮತ್ತೆ ಸಲ್ಲಿಸಿದರು. ಏಳು ದಿನದೊಳಗೆ ಕಚೇರಿಯ ಹದಿನಾಲ್ಕು ಮಂದಿಯಲ್ಲಿ ಹನ್ನೆರಡು ಮಂದಿ ಕುರುಡರಾದೆವು. ಇದನ್ನು ಬರೆಯುತ್ತಿರುವ ನಾನೂ ಅವರಲ್ಲಿ ಒಬ್ಬ. ಉಳಿದಿಬ್ಬರು ದಿನಗೂಲಿಯವರು. ತೆರಿಗೆ ಕಟ್ಟುವಷ್ಟು ಕೂಲಿ ಇಲ್ಲದ್ದರಿಂದ ಅವರ ಕಣ್ಣು ಹಾಗೇ ಉಳಿದವು. ತೆರಿಗೆಯವರಿಗೆ ಕಳಿಸಿದ ಉತ್ತರದಲ್ಲಿ, ಪರಸ್ಪರರ ಕುರುಡುತನಕ್ಕೆ ನಾವು ಹನ್ನೆರಡೂ ಮಂದಿ ಪ್ರತ್ಯಕ್ಷ ಸಾಕ್ಷಿಗಳೆಂದು ಸಹಿ ಮಾಡಿದೆವು.

ಎಂಟನೇ ದಿನ ಕರೆಮ್ಮ ಒಂದು ಶೇಂಗಾ ಗಿಡ ಕಿತ್ತು ತಂದು ಮೇಜಿನ ಮೇಲೆ ಇಟ್ಟಳು. ಎಲೆ ಬಾಡಿ ಜೋತುಬಿದ್ದಿತ್ತು, ಹೂ ಉದುರಿತ್ತು. ನನಗೆ ಅದು ಚೆನ್ನಾಗಿಯೇ ಕಾಣಿಸಿತು, ಮನಸ್ಸಿಗೆ ಕೆಟ್ಟದೆನಿಸಿತು. ಆದರೆ ನನ್ನ ಅರ್ಜಿ ಆಗಲೇ ಹೋಗಿಯಾಗಿತ್ತು.

“ಸಾಹೇಬ್ರ, ಕಣ್ಣಿಲ್ಲದ ಹನ್ನೆರಡ ಮಂದಿಗಿ ನಾಕು ಫೂಟ್ ನೀರು ಅದ. ಎರಡ ಕಣ್ಣಿದ್ದ ನನಗ ಒಂದ ಹನಿ ಕಾಣವಲ್ದು. ನನ್ನೂ ಕುರುಡಿ ಅಂತ ಬರಕೊಳ್ರಿ. ನನಗೂ ನೀರು ಕಾಣಲಿ.”

ಬಸವಂತ್ರಾಯರಿಗೆ ಮರುಕ ಬಂತು. ನಿಯಮದ ಪುಸ್ತಕ ತರಿಸಿ, ಕುರುಡರಾದ್ದರಿಂದ ಹಣಮಂತಮ್ಮನಿಂದ ಓದಿಸಿದರು. ಅವಳೂ ಕುರುಡಿಯೇ, ಆದರೂ ಓದಿದಳು.

“ನೀವು ಇನ್‌ಕಮ್ ಟ್ಯಾಕ್ಸ್ ಕಟ್ಟತೀರೇನಮ್ಮ?”

“ಇಲ್ರಿ. ನೀರಿನ ಕರ ಕಟ್ಟತೀನಿ. ಹನ್ನೊಂದು ವರ್ಷ ಆತು.”

“ಅದಕ್ಕ ಈ ಸೌಲತ್ತು ಇಲ್ರಿ. ನೀರಿನ ಕರ ಕಟ್ಟಾವರಿಗಿ ಕಣ್ಣು ಇರಬೇಕು.”

ಹಣಮಂತಮ್ಮ ರಿಜಿಸ್ಟರು ನೋಡಿ, ನಾಲ್ಕು ಅಡಿಯ ಲೆಕ್ಕದಲ್ಲಿ ಆ ವರ್ಷದ ಕರದ ರಸೀದಿ ಹರಿದಳು. ಕರೆಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು. ಬಾಕಿ ಉಳಿಸಿಕೊಂಡರೆ ಮುಂದಿನ ವರ್ಷ ಈ ನೀರೂ ಸಿಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.