ಖವಾದ ಮೇಲಿನ ಇದ್ದಿಲು ಕಸವಲ್ಲ

ಇಂದ:
ಸಿದ್ದಪ್ಪ, ಟೆಂಪೊ ಡ್ರೈವರ್,
ದೇಸೂರ

ಗೆ:
ಮಾನ್ಯ ಆ್ಯಪ್ ಸಾಹೇಬರು,
ಸದ್ಯ ವಾಸ: ನನ್ನ ಅಂಗಿಯ ಕಿಸೆ

ವಿಷಯ: ರೇಣವ್ವನವರ ಖವಾ ಡಬ್ಬಿಯಲ್ಲಿರುವ ಇದ್ದಿಲನ್ನು ಕಸವೆಂದು ತಿಳಿಯದಿರುವ ಬಗ್ಗೆ.

ಉಲ್ಲೇಖ: ಮೊನ್ನೆ ಮತ್ತು ನಿನ್ನೆ ತಾವು ತೋರಿಸಿದ ಕೆಂಪು ಗುರುತು.

ಮಾನ್ಯರೇ,

ಖಾನಾಪುರದ ಕಡೆ ಈಗ ಭತ್ತದ ಕೊಯ್ಲು ನಡೆದಿದೆ. ಬದುವಿನಲ್ಲಿ ಹಸಿ ಹುಲ್ಲಿದೆ. ಆದಕಾರಣ ಎಮ್ಮೆಗೆ ಹಾಲಿದೆ. ಆದಕಾರಣ ಗುಂಜಿ ಊರಿನ ಮನೆಮನೆಯಲ್ಲೂ ಕಡಾಯಿಯಲ್ಲಿ ಹಾಲು ಬತ್ತಿ ಖವಾ ಆಗುತ್ತಿದೆ. ಅದನ್ನು ಬೆಳಗಾವಿಯ ಪದ್ಮಾಕರ ಸಾವಕಾರರ ಕುಂದಾ ಮಿಠಾಯಿ ಅಂಗಡಿಗೆ ಮುಟ್ಟಿಸುವುದು ನನ್ನ ಕೆಲಸ. ಉಳಿದ ಮನೆಗಳ ಡಬ್ಬಿಗಳು ಟೆಂಪೊ ಏರಿವೆ. ರೇಣವ್ವನವರದು ಏರಿಲ್ಲ. ಆದಕಾರಣ ಅವರ ಅಂಗಳದಲ್ಲೇ ಕುಳಿತು ಬರೆದುಕೊಳ್ಳುವ ಅರ್ಜಿ.

೧. ಮೊದಲು ಸಾವಕಾರರು ಒಂದು ಚಿಟಿಕೆ ಖವಾ ನಾಲಿಗೆಗಿಟ್ಟು ಮಾಲು ತೆಗೆದುಕೊಳ್ಳುತ್ತಿದ್ದರು. ದಸರೆಗೆ ತಾವು ಬಂದಿರಿ. ಅಂದಿನಿಂದ ಡಬ್ಬಿ ತೆರೆದು ತಮಗೆ ಫೋಟೊ ತೋರಿಸಬೇಕು. ಹಸಿರು ಬಂದರೆ ಮಾಲು ಹತ್ತುತ್ತದೆ, ಕೆಂಪು ಬಂದರೆ ಅಲ್ಲೇ ಉಳಿಯುತ್ತದೆ. ಮೂರು ಸಲ ಕೆಂಪಾದ ಮನೆಯ ಹೆಸರನ್ನು ತಾವು ತೆಗೆದೇ ಹಾಕುತ್ತೀರಿ.

೨. ರೇಣವ್ವನವರು ಎರಡು ಎಮ್ಮೆಗಳ ಮೇಲೆ ಸಂಸಾರ ನಡೆಸುವವರು. ದೃಷ್ಟಿ ತಾಗಬಾರದೆಂದು ಖವಾದ ಮೇಲೆ ಎಲೆ, ಎಲೆಯ ಮೇಲೆ ಒಂದು ಚೂರು ಇದ್ದಿಲು ಇಡದೆ ಮನೆಯಿಂದ ಡಬ್ಬಿ ಹೊರಗೆ ಕಳಿಸಿದವರಲ್ಲ. ಇಷ್ಟು ದಿನ ಅದನ್ನು ಕಂಡೂ ಹಸಿರು ಕೊಟ್ಟ ತಾವು ಮೊನ್ನೆ ಒಮ್ಮೆಲೇ ಅದಕ್ಕೆ ‘ಮಾಲಿನಲ್ಲಿ ಕಸ’ ಎಂದು ಷರಾ ಬರೆದಿರಿ.

೩. ನಿನ್ನೆ ನಾನು ಸದರಿಯವರಲ್ಲಿ ವಿಷಯ ಪ್ರಸ್ತಾಪಿಸಿದೆ.

“ಅಕ್ಕಾ, ಇದ್ದಲಿ ತಗೀರಿ. ನೋಡೂದು ಮನಿಷ್ಯಾರ ಕಣ್ಣಲ್ಲ, ಮೊಬೈಲ್ ಕಣ್ಣು.”

“ಹೌದೇನು? ರೆಪ್ಪಿನೂ ಬಡಿಯೂದಿಲ್ಲೇನು ಅದು?”

“ಇಲ್ರಿ.”

“ಹಂಗಾರ ಎರಡು ಇಡ್ತೀನಿ ತಗೋ.”

ಆದ್ದರಿಂದ ಎರಡನೆಯ ಕೆಂಪು.

೪. ತಮ್ಮನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟ ಸಾವಕಾರರ ಮಗಳು ಅನುಜಾ ಒಂದು ಉಪಾಯ ಹೇಳಿದರು. “ಕಾಕಾ, ಆಕಿ ಅತ್ತಾಗ ಹೋದಾಗ ಇದ್ದಲಿ ತಗದು ಫೋಟೊ ಹೊಡೀರಿ. ಆಮ್ಯಾಲ ಇದ್ದಲ್ಲೇ ಇಟ್ಟಬಿಡ್ರಿ.” ಅದರಂತೆ ಇಂದು ಮುಂಜಾನೆ ರೇಣವ್ವನವರು ಎಮ್ಮೆಗೆ ಹುಲ್ಲು ಹಾಕಲು ಹೋದಾಗ ಇದ್ದಿಲಿಗೆ ಕೈ ಹಾಕಿದೆನು. ಸದರಿಯವರು ಹುಲ್ಲು ಅಲ್ಲೇ ಬಿಟ್ಟು ತಿರುಗಿದರು.

“ಏ ತಮ್ಮಾ, ಡಬ್ಬಿ ಹೊರೂ ಕೂಲಿ ನಿಂದು. ದೃಷ್ಟಿ ಇದ್ದಲಿ ತಗಿಯೂ ಕೂಲಿ ಯಾರು ಕೊಡ್ತಾರ ನಿನಗ?”

ಆದಕಾರಣ ಡಬ್ಬಿ ಈಗ ಅವರ ಮಡಿಲಲ್ಲಿದೆ.

೫. ಸಾವಕಾರರಿಗೆ ಫೋನು ಮಾಡಲಾಯಿತು.

“ಲೇ ಸಿದ್ದಪ್ಪಾ, ದೀಪಾವಳಿ ಕುಂದಾ ಆಕಿ ಖವಾ ಇಲ್ಲದ ಆಗೂದಿಲ್ಲೋ!”

“ಹಂಗಾರ ತಗೊಂಡು ಬರಲೇನ್ರಿ?”

“ಆ್ಯಪ್ ಹೂಂ ಅಂದ್ರ ತಾ. ನನ್ನ ಮಾತು ಅದು ಎಲ್ಲಿ ಕೇಳತೈತಿ? ಅದಕ್ಕ ಒಂದು ಅರ್ಜಿ ಕೊಡು ಹೋಗು.”

ಸಾವಕಾರರ ಅಪ್ಪಣೆಯಾದ್ದರಿಂದ ಕೊಡುತ್ತಿದ್ದೇನೆ.

೬. ಇದನ್ನು ಕೇಳುತ್ತ ಕುಳಿತ ರೇಣವ್ವನವರು ಒಂದು ಷರತ್ತು ಮುಂದಿಟ್ಟಿದ್ದಾರೆ. “ನೋಡಿದಾವರ ಬಾಯಿಗೆ ಚೂರು ಹಾಕಿದ್ರ ದೃಷ್ಟಿ ಅಲ್ಲೇ ಇಳೀತೈತಿ. ದಸರಾದಿಂದ ನೋಡಾಕತ್ತೈತಿ, ಒಂದ ದಿನ ಬಾಯಿಗೆ ಹಾಕ್ಕೊಂಡಿಲ್ಲ. ಅದು ತಿನ್ನಲಿ, ಇದ್ದಲಿ ನಾನ ತಗೀತೀನಿ.”

ಆದ್ದರಿಂದ ತಾವು ಇದ್ದಿಲನ್ನು ಇದ್ದಿಲೆಂದೇ ಗುರುತಿಸಬೇಕು. ಇಲ್ಲವಾದಲ್ಲಿ ಲಗತ್ತಿಸಿದ ಚೂರನ್ನು ತಿಂದು, ಇಷ್ಟು ದಿನ ನೋಡಿದ ಋಣ ತೀರಿಸಬೇಕು. ಮೂರನೆಯ ಕೆಂಪು ಬಿದ್ದರೆ ಈ ಅಂಗಳಕ್ಕೆ ಟೆಂಪೊ ತರುವ ಮುಖ ನನಗಿಲ್ಲ.

ದಿನವೂ ತಮ್ಮನ್ನು ಎದೆಗಿಟ್ಟುಕೊಂಡು ತಿರುಗುವ ವಿಶ್ವಾಸಿ,
ಸಿದ್ದಪ್ಪ

ಲಗತ್ತುಗಳು:
೧. ಇದ್ದಿಲು, ಒಂದು ಚೂರು (ಪರಿಶೀಲನೆಗೆ)
೨. ಖವಾ, ಒಂದು ಚಿಟಿಕೆ, ಮುತ್ತುಗದ ಎಲೆಯಲ್ಲಿ

ವಿಶೇಷ ಸೂಚನೆ: ಲಗತ್ತು ೨ನ್ನು ತಮ್ಮ ಮುಂದೆ ಬಹಳ ಹೊತ್ತು ಹಿಡಿಯಲಾಯಿತು. ತಾವು ಬಾಯಿ ತೆರೆಯಲಿಲ್ಲ. “ಅದರ ಪಾಲು ನೀನ ತಿನ್ನೋ. ಅದನ್ನ ಹೊತ್ತು ತಿರಗಾಂವ ನೀನ ಅಲ್ಲ?” ಎಂದು ರೇಣವ್ವನವರು ಹೇಳಿದ ಮೇರೆಗೆ ತಮ್ಮ ಪರವಾಗಿ ನಾನು ತಿಂದಿರುತ್ತೇನೆ. ಅವರೇ ಕೈಯಾರೆ ಇದ್ದಿಲು ತೆಗೆದರು. ತಾವು ಹಸಿರು ಕೊಟ್ಟಿರಿ. ಡಬ್ಬಿ ಟೆಂಪೊದಲ್ಲಿದೆ.

ಈಗ ತಮ್ಮ ಪಾಲು ತಿಂದ ಋಣ ನನ್ನ ಮೇಲಿದೆ. ಆದ್ದರಿಂದ ಖವಾದ ರುಚಿಯನ್ನು ತಮಗೆ ಮುಟ್ಟಿಸಲು ಯಾವ ಗುಂಡಿ ಒತ್ತಬೇಕೆಂಬುದನ್ನು ತಿಳಿಸಿಕೊಡಬೇಕಾಗಿ ವಿನಂತಿ.