ಚೀನಾದ ಹಿರಿಯರು ಇಂಡಿಗೆ ಬಂದದ್ದು

ವಯಸ್ಸಾದವರು ಬಂದರೆ ಎದ್ದು ನಿಲ್ಲಬೇಕೆಂದು ನಮ್ಮಜ್ಜ ಕಲಿಸಿದ್ದು ನನ್ನ ಕಾಲಿನಲ್ಲೇ ಉಳಿದುಬಿಟ್ಟಿದೆ. ಬುದ್ಧಿ ಬೇಡವೆನ್ನುವುದರೊಳಗೆ ಕಾಲು ಎದ್ದಿರುತ್ತದೆ. ಸಿಂದಗಿ ಬಸ್ಸಿನಲ್ಲಿ ನನಗಿಂತ ಕಿರಿಯನೊಬ್ಬನಿಗೆ ಬರೀ ನೆರೆತ ಕೂದಲು ನೋಡಿ ಸೀಟು ಬಿಟ್ಟುಕೊಟ್ಟು, ಅವನಿಂದ ಬೈಸಿಕೊಂಡಿದ್ದೇನೆ. ಆದರೆ ಒಂದು ನಾಯಿಗೆ ಎದ್ದು ನಿಂತದ್ದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ತೊಂಬತ್ತರ ದಶಕದ ಒಂದು ಚಳಿಗಾಲ. ಪುಣೆಯಲ್ಲಿದ್ದ ನನ್ನ ಹೆಂಡತಿಯ ತಮ್ಮ, ಬೇರೆ ಬಾಡಿಗೆ ಮನೆ ಸಿಗುವತನಕ ಇರಲೆಂದು ತನ್ನ ಚೌ ಚೌ ನಾಯಿಯನ್ನು ಒಂದು ಸಂಜೆ ಇಂಡಿ ಊರಿನ ನಮ್ಮ ಮನೆಯಲ್ಲಿ ಇಳಿಸಿ, ಅದೇ ಜೀಪಿನಲ್ಲಿ ತಿರುಗಿ ಹೋದ. ನನಗೆ ಹೇಳಿದ್ದಿಷ್ಟು: ಇದು ಚೀನಾದ ಬಲು ಪುರಾತನ ತಳಿ, ಇದರ ಪೂರ್ವಿಕರು ಗುಡಿ ಕಾಯುತ್ತಿದ್ದರಂತೆ, ಬಿಸಿಲು ತಾಗಿಸಬಾರದು. ಹೆಂಡತಿಯನ್ನು ಮಾತ್ರ ಪಕ್ಕಕ್ಕೆ ಕರೆದು, ‘ಅಕ್ಕಾ, ಇದು ನನ್ನ ಜೀವ’ ಎಂದನಂತೆ. ಆ ಜೀವದ ಭಾರ ಅಂದಿನಿಂದ ನಮ್ಮ ತಲೆಯ ಮೇಲೆ.

ನಾವು ಕುರಿ ಸಾಕಿದ ಮನೆತನದವರು. ನಾಯಿ ಎಂದರೆ ನಮಗೆ ಹೊಟ್ಟೆ ಬೆನ್ನಿಗೆ ಹತ್ತಿದ, ರೊಟ್ಟಿ ಎಸೆದರೆ ನೆಲ ಮುಟ್ಟುವ ಮೊದಲೇ ಹಿಡಿಯುವ ಪ್ರಾಣಿ. ಇದೋ, ಸಿಂಹದ ಕೇಸರ, ಕರಡಿಯ ಕಾಲು, ಇಡೀ ಊರಿನ ನ್ಯಾಯ ಬಗೆಹರಿಸಿ ಬೇಸತ್ತು ಬಂದಂಥ ಮುಖ. ಬಾಲವನ್ನು ಸುರುಳಿ ಸುತ್ತಿ ಬೆನ್ನಿನ ಮೇಲಿಟ್ಟುಕೊಂಡಿತ್ತು. ಅಲ್ಲಾಡಿಸುವ ಮಾತೇ ಇಲ್ಲ. ಜೋಳದ ರೊಟ್ಟಿ ಇಟ್ಟರೆ, ನಾನು ಹಿಂದೆ ಸರಿದ ಮೇಲೆಯೇ ಬಾಯಿ ಹಾಕಿತು. ಉಂಡು ಅದು ಪಡಸಾಲೆಗೆ ಬಂದಾಗ ನಾನು ಕುರ್ಚಿಯಿಂದ ಎದ್ದೆ. ಅದಕ್ಕೇನೂ ಆಶ್ಚರ್ಯವಾದಂತೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ, ಸುದ್ದಿ ಕೇಳಿ ತಾಂಬಾದಿಂದ ನಮ್ಮ ಕಾಕಾ ಬಂದ. ಕುರಿ, ನಾಯಿ, ಹಾವುಗಳ ನಡುವೆಯೇ ಆಯುಷ್ಯ ಕಳೆದವನು. ನಾಯಿ ಆಗಷ್ಟೇ ಹಿತ್ತಲಿನ ಕಟ್ಟಿಗೆ ರಾಶಿಯ ಕಡೆ ಹೋಗಿಬಂದಿತ್ತು. ಕಾಕಾನ ಎದುರು ಕೂತು ಒಂದು ದೊಡ್ಡ ಆಕಳಿಕೆ ತೆಗೆಯಿತು. ಒಳಗಿನ ನಾಲಗೆ ನೇರಳೆಹಣ್ಣು ತಿಂದಂತೆ ಕಪ್ಪುನೀಲಿ.

‘ಹಾವ ಮುಟ್ಟೇತೋ ತಮ್ಮಾ’ ಎಂದ ಕಾಕಾ ಮೆಲ್ಲಗೆ. ‘ನಾಲಗಿ ನೋಡು. ವಿಷ ಏರೇತಿ.’

ಹೆಂಡತಿ ಗೋಡೆ ಹಿಡಿದು ಕೂತಳು. ‘ನನ್ನ ತಮ್ಮಗ ಯಾವ ಮಾರಿ ತೋರಸ್ಲಿರಿ ನಾ?’

ದನದ ಡಾಕ್ಟರು ಅಗರಖೇಡಕ್ಕೆ ಹೋಗಿದ್ದರು. ಅವರು ಬರುವತನಕ ಕಾಕಾನೇ ಡಾಕ್ಟರು. ಹಾವು ಕಚ್ಚಿದವರಿಗೆ ಮಾಡುವುದನ್ನೆಲ್ಲ ಶುರುಮಾಡಿದ. ಮೊದಲು ಬೇವಿನೆಲೆಯ ತಪ್ಪಲು: ಕಹಿ ಹತ್ತದಿದ್ದರೆ ವಿಷ ಏರಿದೆ ಎಂದು ಲೆಕ್ಕ. ನಾಯಿ ತಪ್ಪಲನ್ನೂ ನನ್ನನ್ನೂ ಒಂದೇ ತೂಕದ ತಿರಸ್ಕಾರದಿಂದ ನೋಡಿ ಮುಖ ತಿರುಗಿಸಿತು. ನೀ ತಿಂದು ತೋರಿಸು, ನೋಡಿ ಕಲಿಯುತ್ತದೆ ಎಂದ ಕಾಕಾ. ತಿಂದೆ. ಅದು ಕಲಿಯಲಿಲ್ಲ. ಮತ್ತೊಂದು ಹಿಡಿ ತಿಂದೆ. ಅಷ್ಟರಲ್ಲಿ ಅದು ಕಣ್ಣು ಮುಚ್ಚತೊಡಗಿತು. ‘ಮಲಗಾಕ ಬಿಡಬ್ಯಾಡ್ರಿ!’ ಎಂದು ಕಾಕಾ ಕೂಗಿದ್ದೇ ತಡ, ನಾನು ತಾಟು ಬಡಿಯತೊಡಗಿದೆ. ಅದು ಎದ್ದು, ಅವಸರವಿಲ್ಲದೆ, ದೇವರ ಕೋಣೆಯ ಹೊಸ್ತಿಲಿಗೆ ಹೋಗಿ ಮಲಗಿತು. ಅಲ್ಲಿ ತಾಟು ಬಡಿಯಲು ನನಗೆ ಕೈ ಬರಲಿಲ್ಲ. ಪ್ರಾಣ ಹೋಗುವ ಹೊತ್ತಿನಲ್ಲೂ ಎಂಥ ಗಾಂಭೀರ್ಯವೆಂದು ನನ್ನ ಕಣ್ಣು ತುಂಬಿ ಬಂತು. ಬೇವಿನದೂ ಸ್ವಲ್ಪ ಪಾಲಿತ್ತು.

ಈ ನಡುವೆ ಹೆಂಡತಿ ಎಸ್‌ಟಿಡಿ ಬೂತಿಗೆ ಓಡಿ, ಅಳುತ್ತಲೇ ತಮ್ಮನಿಗೆ ಫೋನು ಹಚ್ಚಿದ್ದಳು. ಬರುವಾಗ ಮುಖಕ್ಕೆ ಸೆರಗು ಒತ್ತಿಕೊಂಡಿದ್ದಳು. ನಾನು ಎದೆ ಗಟ್ಟಿ ಮಾಡಿಕೊಂಡೆ. ನೋಡಿದರೆ ನಗು.

‘ಆ ಜಾತಿ ನಾಯಿ ನಾಲಗೀನ ಹಂಗಂತ್ರಿ’ ಎಂದಳು. ‘ಎಲ್ಲಾವಕ್ಕೂ ಅದ ಬಣ್ಣ ಅಂತ.’

ಕಾಕಾ ಸೋಲಲಿಲ್ಲ. ರುಮಾಲು ಸರಿಮಾಡಿಕೊಂಡು ಹೊಸ್ತಿಲ ಕಡೆ ಕೈಮುಗಿದ. ‘ನೀಲಕಂಠನ ಪೈಕಿ ಇದು. ವಿಷ ಕುಡದ ದಕ್ಕಿಸಿಕೊಂಡ ಮನಿತನ’ ಎಂದ. ನಾನೂ ಕೈಮುಗಿದೆ.

ಮಧ್ಯಾಹ್ನ, ಹೊಟ್ಟೆಯೊಳಗೆ ಅರ್ಧ ಬೇವಿನ ಗಿಡ ಹೊತ್ತು, ಬಾಯಿ ತೆರೆದು ಮಂಚದ ಮೇಲೆ ಬಿದ್ದುಕೊಂಡೆ. ಆಗ ಆ ಚೀನಾದ ಹಿರಿಯರು ತಾವಾಗಿ ನನ್ನ ಬಳಿ ಬಂದರು. ಮಂಚದ ಪಕ್ಕ ಕೂತು ನನ್ನ ಬಾಯೊಳಗೇ ನೋಡತೊಡಗಿದರು. ನಾನು ಪುಳಕಿತನಾಗಿ ಕಣ್ಣು ಮುಚ್ಚಿದೆ. ಎದೆಯ ಮೇಲೆ ಒಂದು ಭಾರವಾದ ಪಾದ ಬಿತ್ತು. ಕಣ್ಣು ತೆರೆದೆ, ಪಾದ ಇಳಿಯಿತು. ಮುಚ್ಚಿದೆ, ಮತ್ತೆ ಬಿತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಹೇಳಿದಳು: ‘ನಿಮ್ಮ ನಾಲಗಿ ಹಸರಾಗೇತ್ರಿ. ಅದು ಮಲಗಾಕ ಬಿಡೂದಿಲ್ಲ.’